ಚಕ್ರದ ನಟ್ಟು ಮತ್ತು ಮನಸ್ಸಾಕ್ಷಿ

ಸ್ವಂತ ವಾಹನವನ್ನು ಸ್ವಂತ ಕೈಯಿಂದಲೇ ದುರಸ್ತಿ ಮಾಡಿಕೊಳ್ಳುವುದು ಸರಿಯೇ? ಮೇಲ್ನೋಟಕ್ಕೆ ಇದೊಂದು ನೈತಿಕ ಪ್ರಶ್ನೆಯೆಂದು ಯಾರಿಗೂ ಅನ್ನಿಸುವುದಿಲ್ಲ. ಎಷ್ಟು ಹಣ ಉಳಿಯುತ್ತದೆ, ಎಷ್ಟು ಸಮಯ ಹಿಡಿಯುತ್ತದೆ, ಬೇಕಾದ ಸಲಕರಣೆಗಳು ಮನೆಯಲ್ಲಿವೆಯೇ ಎಂಬ ಲೆಕ್ಕಾಚಾರದಲ್ಲಿಯೇ ಅದು ಮುಗಿದುಹೋಗುತ್ತದೆ. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ನಾಲ್ಕು ನಟ್ಟುಗಳು ನನಗೆ ಬೇರೆ ಪಾಠವನ್ನು ಕಲಿಸಿದವು. ಆ ಪಾಠವನ್ನು ಈ ಪುಟಗಳ ಓದುಗರೊಡನೆ ಹಂಚಿಕೊಳ್ಳುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ಏಕೆಂದರೆ ಇಂದು ನಮ್ಮ ಅನೇಕ ಕುಟುಂಬಗಳ ಅಂಗಳದಲ್ಲಿ ಒಂದು ಕಾರು ನಿಂತಿದೆ, ಅದರ ಡಿಕ್ಕಿಯಲ್ಲಿ ಒಂದು ಜಾಕು ಮತ್ತು ಒಂದು ಸ್ಪ್ಯಾನರ್ ಇವೆ.

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ಆಗ ನಾನು ಮಲೆನಾಡಿನ ಒಂದು ಸಣ್ಣ ಧರ್ಮಕೇಂದ್ರದಲ್ಲಿ ಸೇವೆ ಸಲ್ಲಿಸುತ್ತಿದ್ದೆ. ಧರ್ಮಕೇಂದ್ರಕ್ಕೆ ಹಳೆಯದೊಂದು ಮಾರುತಿ ಓಮ್ನಿ ಇತ್ತು. ಹತ್ತಿರದ ಗ್ಯಾರೇಜು ಹದಿನೆಂಟು ಕಿಲೋಮೀಟರ್ ದೂರ. ಆದ್ದರಿಂದ ಎಂಜಿನ್ ಆಯಿಲ್ ಬದಲಾಯಿಸುವುದು, ಮುಂದಿನ ಸೀಟನ್ನು ಎತ್ತಿ ಅದರಡಿಯಲ್ಲಿರುವ ಎಂಜಿನ್ನಿನ ಮೂರು ಪ್ಲಗ್ಗುಗಳನ್ನು ತೆಗೆದು ಶುಚಿಗೊಳಿಸುವುದು, ಪಂಕ್ಚರಾದ ಚಕ್ರವನ್ನು ತೆಗೆದು ಸ್ಟೆಪ್ನಿ ಹಾಕುವುದು ಮೊದಲಾದ ಕೆಲಸಗಳನ್ನು ನಾನೇ ಮಾಡುತ್ತಿದ್ದೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ಪ್ರಬೋಧನೆಯಲ್ಲಿ ಹೇಳುವುದಕ್ಕಿಂತ ಗ್ರೀಸ್ ಮೆತ್ತಿದ ಕೈಯಿಂದ ತೋರಿಸುವುದೇ ಮೇಲು ಎಂಬ ಒಳಗಿನ ಹೆಮ್ಮೆಯೂ ನನಗಿತ್ತು.

ಒಂದು ಸಂಜೆ ಹಿಂದಿನ ಎಡಚಕ್ರವನ್ನು ಬದಲಾಯಿಸುತ್ತಿದ್ದೆ. ಸ್ಟೆಪ್ನಿಯನ್ನು ಕೂರಿಸಿ, ನಾಲ್ಕು ನಟ್ಟುಗಳನ್ನು ತಿರುಗಿಸಿ, ಜಾಕನ್ನು ಇಳಿಸಿದೆ. ಚಕ್ರ ಗಾಳಿಯಲ್ಲಿರುವಾಗ ನಟ್ಟುಗಳನ್ನು ಪೂರ್ತಿ ಬಿಗಿಮಾಡಲು ಬರುವುದಿಲ್ಲ. ಒತ್ತಿದಂತೆ ಚಕ್ರವೇ ತಿರುಗಿಬಿಡಬಹುದು, ಗಾಡಿ ಜಾಕಿನಿಂದ ಜಾರಲೂಬಹುದು. ಆದ್ದರಿಂದ ಚಕ್ರ ನೆಲಕ್ಕೆ ತಾಗಿದ ಮೇಲೆ ಅವನ್ನು ಎದುರುಬದುರಾದ ಕ್ರಮದಲ್ಲಿ ಕೊನೆಯ ಬಾರಿ ಬಿಗಿಗೊಳಿಸಬೇಕು. ಅಷ್ಟರಲ್ಲಿ ಒಬ್ಬ ಹುಡುಗ ಓಡಿಬಂದು ತನ್ನ ಅಜ್ಜಿಯ ಸ್ಥಿತಿ ಗಂಭೀರವಾಗಿದೆಯೆಂದು ತಿಳಿಸಿದ. ನಾನು ಕೈ ತೊಳೆದು, ಪವಿತ್ರ ತೈಲವನ್ನು ತೆಗೆದುಕೊಂಡು ಅವನ ಚಿಕ್ಕಪ್ಪನ ಬೈಕಿನಲ್ಲಿ ಹೊರಟೆ. ಮರಳಿದಾಗ ರಾತ್ರಿ ಹತ್ತು ಗಂಟೆ. ಜಾಕು ಕೆಳಗಿಳಿದಿತ್ತು, ಚಕ್ರ ತನ್ನ ಸ್ಥಾನದಲ್ಲಿತ್ತು, ನೋಡುವ ಕಣ್ಣಿಗೆ ಕೆಲಸ ಮುಗಿದಿತ್ತು.

ಮರುದಿನ ಬೆಳಿಗ್ಗೆ ಬಲಿಪೂಜೆಯ ನಂತರ ಎಸ್ಟೇಟಿನಿಂದ ನಿವೃತ್ತರಾಗಿದ್ದ ಒಬ್ಬ ಹಿರಿಯರನ್ನು, ಅವರ ಪತ್ನಿಯನ್ನು, ಆರು ವರ್ಷದ ಮೊಮ್ಮಗನನ್ನು ಕರೆದುಕೊಂಡು ಪಟ್ಟಣದ ಕಣ್ಣಿನ ಆಸ್ಪತ್ರೆಗೆ ಹೊರಟೆ. ಏಳೆಂಟು ಕಿಲೋಮೀಟರ್ ಸಾಗುವಷ್ಟರಲ್ಲಿ ಹಿಂದಿನಿಂದ ಟಕ್ ಟಕ್ ಎಂಬ ಸದ್ದು ಕೇಳತೊಡಗಿತು. ಕಲ್ಲೇನಾದರೂ ಸಿಕ್ಕಿರಬೇಕೆಂದು ಇನ್ನಷ್ಟು ದೂರ ಹೋದೆ. ಗಾಡಿಯ ಹಿಂಭಾಗ ತೂಗಾಡಿದಾಗ ನಿಲ್ಲಿಸಿ ಇಳಿದು ನೋಡಿದೆ. ಎರಡು ನಟ್ಟುಗಳು ಇರಲಿಲ್ಲ. ಉಳಿದೆರಡು ಬೆರಳಿಗೆ ತಿರುಗುತ್ತಿದ್ದವು. ಮುಂದೆ ಐವತ್ತು ಗಜದ ದೂರದಲ್ಲಿ ತಿರುವು. ಅದರ ಕೆಳಗೆ ಹಳ್ಳ.

ಉಳಿದ ಚಕ್ರಗಳ ಪೈಕಿ ಎರಡರಿಂದ ಒಂದೊಂದು ನಟ್ಟನ್ನು ತೆಗೆದು ಈ ಚಕ್ರಕ್ಕೆ ಹಾಕಿ ಬಿಗಿದೆ. ನನ್ನ ಕೈ ನಡುಗುತ್ತಿತ್ತು. ಹಿರಿಯರು ಇಳಿದು ಬಂದು, “ಏನಾಯ್ತು ಸ್ವಾಮಿ?” ಎಂದು ಕೇಳಿದರು. ನಾನು ತಲೆಯೆತ್ತದೆ, “ಈ ರಸ್ತೆ ನೋಡಿ. ಕುಲುಕಿ ಕುಲುಕಿ ನಟ್ಟು ಸಡಿಲಾಗಿದೆ” ಎಂದೆ.

ಅವರು ನನ್ನ ಮಾತನ್ನು ನಂಬಿದರು. “ರಸ್ತೆ ಕೆಲಸ ಮಾಡಿದವರಿಗೆ ಮನಸ್ಸಾಕ್ಷಿ ಇಲ್ಲ ಸ್ವಾಮಿ. ಮೇಲೆ ಟಾರು ಬಳಿದು ಹೋಗ್ತಾರೆ. ಅಡಿಯಲ್ಲಿ ಏನಿದೆ ಅಂತ ಯಾರು ನೋಡ್ತಾರೆ?” ಎಂದರು.

ಆ ಮಾತು ನನ್ನನ್ನು ಎಷ್ಟೋ ದಿನ ಬಿಡಲಿಲ್ಲ.

ಎರಡು ತಪ್ಪುಗಳು

ಅಂದು ನಾನು ಮಾಡಿದ ತಪ್ಪು ಒಂದಲ್ಲ, ಎರಡು. ಮೊದಲನೆಯದು ನಟ್ಟನ್ನು ಬಿಗಿಮಾಡಲು ಮರೆತದ್ದು. ಎರಡನೆಯದು ರಸ್ತೆಯ ಮೇಲೆ ದೋಷ ಹೊರಿಸಿದ್ದು. ಇವೆರಡರ ನಡುವಿನ ಅಂತರವನ್ನು ತಿಳಿಯಲು ನಾನು ಗುರುಮಠದಲ್ಲಿ ಓದಿದ ತತ್ವಶಾಸ್ತ್ರದ ಪಾಠಕ್ಕೆ ಹಿಂದಿರುಗಬೇಕಾಯಿತು.

ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಆರನೆಯ ಭಾಗದಲ್ಲಿ ಕೌಶಲ ಮತ್ತು ವಿವೇಕ ಎಂಬ ಎರಡು ಬೌದ್ಧಿಕ ಸದ್ಗುಣಗಳನ್ನು ಬೇರ್ಪಡಿಸುತ್ತಾನೆ. ವಸ್ತುವನ್ನು ಸರಿಯಾಗಿ ನಿರ್ಮಿಸುವ ಬುದ್ಧಿ ಕೌಶಲ. ಬದುಕಿನಲ್ಲಿ ಸರಿಯಾಗಿ ವರ್ತಿಸುವ ಬುದ್ಧಿ ವಿವೇಕ. ಹದಿಮೂರನೆಯ ಶತಮಾನದಲ್ಲಿ ಸಂತ ತೋಮಾಸ್ ಅಕ್ವಿನಾಸರು ಈ ವಿಚಾರವನ್ನು ಮುಂದುವರಿಸಿದರು. ಇವರಿಬ್ಬರೂ ಗುರುತಿಸಿದ ಒಂದು ಸೂಕ್ಷ್ಮವಿದೆ. ಕೌಶಲದ ಕ್ಷೇತ್ರದಲ್ಲಿ ತಿಳಿಯದೆ ತಪ್ಪುವವನಿಗಿಂತ ತಿಳಿದೂ ತಪ್ಪುವವನು ಹೆಚ್ಚು ಕುಶಲ. ಬೇಕೆಂದೇ ಅಪಸ್ವರ ನುಡಿಸುವ ಸಂಗೀತಗಾರನಿಗೆ ಸ್ವರ ಗೊತ್ತಿದೆಯೆಂದೇ ಅರ್ಥ. ಆದರೆ ವಿವೇಕದ ಕ್ಷೇತ್ರದಲ್ಲಿ ಇದು ತಲೆಕೆಳಗಾಗುತ್ತದೆ. ಅಲ್ಲಿ ತಿಳಿಯದೆ ತಪ್ಪಿದವನಿಗಿಂತ ತಿಳಿದೂ ತಪ್ಪಿದವನು ಕೆಟ್ಟವನು.

ಈ ಅಳತೆಗೋಲನ್ನು ಹಿಡಿದರೆ, ಮರೆತ ನಟ್ಟು ನನ್ನ ಕೌಶಲದ ಸೋಲು. ಅದು ಅಪಾಯಕರವಾದ ಸೋಲು, ನಿರ್ಲಕ್ಷ್ಯದ ಪಾಲೂ ಅದರಲ್ಲಿತ್ತು. ಆದರೂ ಅದು ನಾನು ಬಯಸಿ ಮಾಡಿದ್ದಲ್ಲ. ರಸ್ತೆಯ ನೆಪ ಮಾತ್ರ ನಾನು ತಿಳಿದು, ಆರಿಸಿ, ಹೇಳಿದ್ದು. ಪ್ರಾಣಕ್ಕೆ ಎರವಾಗಬಹುದಾಗಿದ್ದುದು ಮೊದಲನೆಯ ತಪ್ಪು; ನನ್ನನ್ನು ಕೆಡಿಸಿದ್ದು ಎರಡನೆಯದು. ಸ್ವತಃ ದುರಸ್ತಿ ಮಾಡುವವನು ಈ ಎರಡು ಬಗೆಯ ತಪ್ಪುಗಳಿಗೂ ಸಿದ್ಧನಾಗಿರಬೇಕು. ಮೊದಲನೆಯದನ್ನು ತಡೆಯಲು ತಕ್ಕ ಸಲಕರಣೆಗಳು ಬೇಕು. ಎರಡನೆಯದನ್ನು ತಡೆಯುವ ಸಲಕರಣೆ ಯಾವ ಅಂಗಡಿಯಲ್ಲಿಯೂ ದೊರಕುವುದಿಲ್ಲ.

ಎರಡನೆಯ ಕಣ್ಣು

ಹಾಗಾದರೆ ದುರಸ್ತಿಯನ್ನೆಲ್ಲ ಗ್ಯಾರೇಜಿಗೆ ಬಿಟ್ಟು ಕೈಕಟ್ಟಿ ಕೂರುವುದೇ ಒಳಿತಲ್ಲವೇ ಎಂದು ನೀವು ಕೇಳಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಅಮೆರಿಕದ ಮ್ಯಾಥ್ಯೂ ಕ್ರಾಫರ್ಡ್ ಎಂಬವರು ಷಿಕಾಗೋ ವಿಶ್ವವಿದ್ಯಾಲಯದಲ್ಲಿ ರಾಜಕೀಯ ತತ್ವಶಾಸ್ತ್ರದ ಡಾಕ್ಟರೇಟ್ ಪಡೆದು, ಕಚೇರಿಯ ಹುದ್ದೆಯನ್ನು ಬಿಟ್ಟು, ಮೋಟಾರ್ ಸೈಕಲ್ ದುರಸ್ತಿಯ ಅಂಗಡಿ ತೆರೆದರು. 2009ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರು ಕೈಕೆಲಸದ ನೈತಿಕ ಮೌಲ್ಯವನ್ನು ಚರ್ಚಿಸಿದ್ದಾರೆ. ಯಂತ್ರದ ಮುಂದೆ ಮಾತಿನ ಚಾತುರ್ಯ ನಡೆಯದು. ಎಂಜಿನ್ ಹೊತ್ತಿಕೊಂಡಿತೇ ಇಲ್ಲವೇ ಎಂಬುದೇ ಅಲ್ಲಿನ ತೀರ್ಪು. ನಮ್ಮನ್ನು ಹೊಗಳದ, ನಮ್ಮ ಪದವಿಗೆ ಮಣಿಯದ ಒಂದು ವಾಸ್ತವದೆದುರು ಆಗಾಗ ನಿಲ್ಲುವುದು ಮನುಷ್ಯನಿಗೆ ಒಳ್ಳೆಯದು. ಬೋಧಿಸುವ ವೃತ್ತಿಯವರಿಗಂತೂ ಇನ್ನೂ ಒಳ್ಳೆಯದು.

ದುರಸ್ತಿ ನಮ್ಮ ಹಕ್ಕೂ ಹೌದು. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ‘ದುರಸ್ತಿಯ ಹಕ್ಕು’ ಎಂಬ ವಿಷಯವಾಗಿ ಸಮಿತಿಯೊಂದನ್ನು ರಚಿಸಿತು. ಕೃಷಿ ಯಂತ್ರಗಳು, ಮೊಬೈಲ್ ಮತ್ತು ಗೃಹೋಪಯೋಗಿ ಸಾಧನಗಳ ಜೊತೆಗೆ ವಾಹನಗಳೂ ಅದರ ವ್ಯಾಪ್ತಿಗೆ ಬಂದವು. ಕೊಂಡ ವಸ್ತುವನ್ನು ತೆರೆದು ನೋಡುವ, ಸರಿಪಡಿಸುವ ಮಾಹಿತಿ ಕೊಂಡವನಿಗೆ ಸಿಗಬೇಕೆಂಬುದು ನ್ಯಾಯವಾದ ಬೇಡಿಕೆಯೇ. ಆದರೆ ಪ್ರತಿಯೊಂದು ಹಕ್ಕಿನ ಹಿಂದೆ ಒಂದು ಹೊಣೆ ಇರುತ್ತದೆ. ಈ ಹಕ್ಕಿನ ಹಿಂದಿರುವ ಹೊಣೆ ಯಾವುದು?

ಒಳ್ಳೆಯ ಗ್ಯಾರೇಜಿನಲ್ಲಿ ಒಬ್ಬನು ಮಾಡಿದ ಕೆಲಸವನ್ನು ಇನ್ನೊಬ್ಬನು ನೋಡುತ್ತಾನೆ. ಹುಡುಗ ಬಿಗಿದ ನಟ್ಟನ್ನು ಮೇಸ್ತ್ರಿ ಒಮ್ಮೆ ಮುಟ್ಟಿ ನೋಡುತ್ತಾನೆ. ಮನೆಯ ಅಂಗಳದಲ್ಲಿ ಆ ಎರಡನೆಯ ಕಣ್ಣು ಇರುವುದಿಲ್ಲ. ಮಾಡುವವನೂ ನಾನೇ, ಮೆಚ್ಚುವವನೂ ನಾನೇ. ಚಕ್ರದ ಬಟ್ಟಲನ್ನು ಮುಚ್ಚಿದ ಮೇಲೆ ಒಳಗಿನ ನಟ್ಟು ಯಾರಿಗೂ ಕಾಣದು. ಆದುದರಿಂದ, ಗ್ಯಾರೇಜಿನಿಂದ ಮನೆಗೆ ಕೆಲಸವನ್ನು ತರುವವನು ಆ ಎರಡನೆಯ ಕಣ್ಣನ್ನೂ ಮನೆಗೆ ತರಬೇಕು. ಇದೇ ಆ ಹೊಣೆ. ಸಲಕರಣೆಗಳ ಆಯ್ಕೆಯ ಪ್ರಶ್ನೆ ನಿಜವಾಗಿ ಆರಂಭವಾಗುವುದು ಇಲ್ಲಿಂದಲೇ.

ಬಲ ಕೊಡುವುವು, ಸತ್ಯ ಹೇಳುವುವು

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಎಸ್.ಪಿ. ರಸ್ತೆಯಲ್ಲಾಗಲಿ ಸಲಕರಣೆಗಳ ಅಂಗಡಿಯ ಮುಂದೆ ನಿಂತವರಿಗೆ ಆಗುವ ಆಸೆಯನ್ನು ನಾನು ಬಲ್ಲೆ. ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ನೂರು ತುಂಡುಗಳು ಸಾಲಾಗಿ ಹೊಳೆಯುತ್ತಿರುತ್ತವೆ. ಅವುಗಳಲ್ಲಿ ಹತ್ತು ಮಾತ್ರ ನಮಗೆ ಬೇಕಾದವು. ಉಳಿದವು ನಮ್ಮ ಅಹಂಕಾರಕ್ಕೆ ಬೇಕಾದವು.

ಎಲ್ಲ ಸಲಕರಣೆಗಳನ್ನೂ ನಾನು ಈಗ ಮೂರು ಗುಂಪುಗಳಾಗಿ ನೋಡುತ್ತೇನೆ: ಕಾಪಾಡುವುವು, ಸತ್ಯ ಹೇಳುವುವು, ಬಲ ಕೊಡುವುವು. ಕೊಳ್ಳುವ ಕ್ರಮವೂ ಇದೇ ಆಗಿರಬೇಕು. ನಾವು ಸಾಮಾನ್ಯವಾಗಿ ಕೊಳ್ಳುವುದು ಇದರ ವಿರುದ್ಧ ಕ್ರಮದಲ್ಲಿ.

ಕಾಪಾಡುವ ಸಲಕರಣೆಗಳಲ್ಲಿ ಮೊದಲನೆಯವು ಗಾಡಿಯ ಅಡಿಗೆ ಇಡುವ ಒಂದು ಜೊತೆ ಕಬ್ಬಿಣದ ಸ್ಟ್ಯಾಂಡುಗಳು. ಕಾರಿನೊಂದಿಗೆ ಬರುವ ಜಾಕು ಚಕ್ರ ಬದಲಾಯಿಸಲು ಮಾತ್ರ ಇರುವಂಥದು. ಅದನ್ನೇ ನಂಬಿ ಗಾಡಿಯ ಅಡಿಗೆ ತಲೆಯನ್ನಾಗಲಿ ಕೈಯನ್ನಾಗಲಿ ಒಡ್ಡಬಾರದು. ಅತ್ಯಂತ ಹಗುರವಾದ ಕಾರುಗಳಲ್ಲಿ ಒಂದಾಗಿದ್ದ ಮಾರುತಿ 800 ಕೂಡ ಸುಮಾರು 650 ಕಿಲೋ ತೂಗುತ್ತಿತ್ತು. ಸಮತಟ್ಟಾದ ಗಟ್ಟಿ ನೆಲ, ಹಾಕಿದ ಹ್ಯಾಂಡ್ ಬ್ರೇಕ್, ಎದುರು ಬದಿಯ ಚಕ್ರಕ್ಕೆ ಒತ್ತಾಗಿ ಇಟ್ಟ ಮರದ ದಿಮ್ಮಿ ಇವು ಮೂರೂ ಇಲ್ಲದೆ ಜಾಕನ್ನು ಎತ್ತಬಾರದು. ಮಕ್ಕಳು ಸ್ಪ್ಯಾನರ್ ಕೊಡುವ ಉತ್ಸಾಹದಲ್ಲಿ ಹತ್ತಿರ ಬರುತ್ತಾರೆ. ಎತ್ತಿದ ಗಾಡಿಯಿಂದ ಅವರನ್ನು ದೂರ ನಿಲ್ಲಿಸಬೇಕು. ಕಣ್ಣಿಗೆ ಕನ್ನಡಕ, ಕೈಗೆ ಗವಸು ಇವೂ ಈ ಗುಂಪಿಗೇ ಸೇರಿದವು.

ಸತ್ಯ ಹೇಳುವ ಸಲಕರಣೆಗಳೆಂದರೆ ಅಳತೆ ಮಾಡುವಂಥವು. ಟೈರಿನ ಗಾಳಿಯನ್ನು ಅಳೆಯುವ ಗೇಜು ಇವುಗಳಲ್ಲಿ ಅತಿ ಅಗ್ಗವಾದದ್ದು, ಅತಿ ಉಪಯುಕ್ತವಾದದ್ದು. ಕಣ್ಣಳತೆಗೆ ಸರಿಯಾಗಿ ಕಂಡ ಟೈರಿನಲ್ಲಿ ಬೇಕಾದುದಕ್ಕಿಂತ ಬಹಳ ಕಡಿಮೆ ಗಾಳಿ ಇರಬಹುದು. ಎಷ್ಟು ಗಾಳಿ ಬೇಕೆಂಬುದನ್ನು ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಅಥವಾ ಕೈಪಿಡಿಯಲ್ಲಿ ಮುದ್ರಿಸಿರುತ್ತಾರೆ. ಗಾಡಿ ಓಡಿಸಿ ಟೈರು ಬಿಸಿಯಾಗುವ ಮೊದಲೇ ಅಳೆಯಬೇಕು. ಬಿಸಿಯಾದ ಮೇಲೆ ಒತ್ತಡ ಏರಿರುತ್ತದೆ.

ಇನ್ನೊಂದು ಟಾರ್ಕ್ ವ್ರೆಂಚ್ ಎಂಬ ಉದ್ದ ಹಿಡಿಯ ಸ್ಪ್ಯಾನರ್. ನಟ್ಟನ್ನು ಎಷ್ಟು ಬಲದಿಂದ ತಿರುಗಿಸುತ್ತಿದ್ದೇವೆಂದು ಅದು ಅಳೆಯುತ್ತದೆ. ಈ ಬಲವನ್ನು ನ್ಯೂಟನ್ ಮೀಟರ್ ಎಂಬ ಮಾನದಲ್ಲಿ ಹೇಳುತ್ತಾರೆ. ಒಂದು ಮೀಟರ್ ಉದ್ದದ ಹಿಡಿಯ ತುದಿಯಲ್ಲಿ ಹತ್ತು ಕಿಲೋ ತೂಗುಹಾಕಿದರೆ ನಟ್ಟಿನ ಮೇಲೆ ಬೀಳುವ ತಿರುಗುಬಲ ಸುಮಾರು 98 ನ್ಯೂಟನ್ ಮೀಟರ್. ಅನೇಕ ಸಣ್ಣ ಕಾರುಗಳ ಚಕ್ರದ ನಟ್ಟಿಗೆ 80ರಿಂದ 110ರವರೆಗೆ ಬೇಕಾಗುತ್ತದೆ. ನಮ್ಮ ನಮ್ಮ ಕಾರಿನ ಕೈಪಿಡಿ ಹೇಳುವ ಸಂಖ್ಯೆಯೇ ಅಂತಿಮ. ನಾವು ನಿಗದಿಪಡಿಸಿದ ಬಲ ತಲುಪಿದೊಡನೆ ಆ ವ್ರೆಂಚು ‘ಟಕ್’ ಎಂದು ಸದ್ದು ಮಾಡುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ‘ಇನ್ನೂ ಸ್ವಲ್ಪ ಇರಲಿ’ ಎಂದು ಮೇಲೆ ಒಂದು ಎಳೆತ ಎಳೆಯುವವನು ಸತ್ಯವನ್ನು ಕೇಳಿಯೂ ತನ್ನ ತೋಳನ್ನೇ ನಂಬಿದವನು. ಅತಿಯಾಗಿ ಬಿಗಿದರೆ ಬೋಲ್ಟು ಹಿಗ್ಗುತ್ತದೆ, ಥ್ರೆಡ್ಡು ಕೆಡುತ್ತದೆ. ಥ್ರೆಡ್ಡಿಗೆ ಎಣ್ಣೆ ಸವರಿದರೂ ಅದೇ ಅಳತೆಯಲ್ಲಿ ನಟ್ಟು ಬೇಕಾದುದಕ್ಕಿಂತ ಹೆಚ್ಚು ಬಿಗಿಯಾಗುತ್ತದೆ. ಈ ವ್ರೆಂಚನ್ನು ನಟ್ಟು ಬಿಚ್ಚಲು ಬಳಸಬಾರದು, ಕೆಲಸ ಮುಗಿದ ಮೇಲೆ ಕನಿಷ್ಠ ಅಳತೆಗೆ ಇಳಿಸಿ ಇಡಬೇಕು. ಇಲ್ಲದಿದ್ದರೆ ಅದೂ ಕ್ರಮೇಣ ಸುಳ್ಳು ಹೇಳಲು ಕಲಿಯುತ್ತದೆ.

ಬಲ ಕೊಡುವ ಸಲಕರಣೆಗಳ ಸರದಿ ಇವೆಲ್ಲದರ ನಂತರ. ಮಾರುತಿಯಂತಹ ಜಪಾನಿ ಮೂಲದ ಕಾರುಗಳ ಹೆಚ್ಚಿನ ಕೆಲಸಕ್ಕೆ 10, 12, 14 ಮತ್ತು 17 ಮಿ.ಮೀ. ಅಳತೆಯ ಸ್ಪ್ಯಾನರುಗಳು ಸಾಕು. ಬಾಯಿ ತೆರೆದ ಸ್ಪ್ಯಾನರ್ ನಟ್ಟಿನ ಎರಡು ಬದಿಗಳನ್ನು ಮಾತ್ರ ಹಿಡಿಯುತ್ತದೆ. ರಿಂಗ್ ಸ್ಪ್ಯಾನರ್ ಆರು ಮೂಲೆಗಳನ್ನೂ ಬಳಸಿ ಹಿಡಿಯುತ್ತದೆ. ಆದ್ದರಿಂದ ಬಿಗಿಯಾದ ನಟ್ಟಿಗೆ ರಿಂಗನ್ನೇ ಬಳಸಬೇಕು. ಪಂಜಾಬಿನ ಜಲಂಧರ್ ಮತ್ತು ಲೂಧಿಯಾನಾಗಳಲ್ಲಿ ತಯಾರಾಗುವ ಒಳ್ಳೆಯ ಉಕ್ಕಿನ ಸ್ಪ್ಯಾನರುಗಳು ನಮ್ಮಲ್ಲಿ ಹೇರಳವಾಗಿ ದೊರೆಯುತ್ತವೆ. ಅಗ್ಗದ ನೂರರ ಬದಲು ಒಳ್ಳೆಯ ಎಂಟನ್ನು ಕೊಳ್ಳುವುದು ಮಿತವ್ಯಯವೂ ಹೌದು, ವಿನಯವೂ ಹೌದು. ಸೋತ ಸ್ಪ್ಯಾನರ್ ಜಾರಿದಾಗ ಮೊದಲು ಒಡೆಯುವುದು ನಮ್ಮ ಗೆಣ್ಣು.

ಈ ವಿಂಗಡಣೆ ಕಾರಿಗೆ ಮಾತ್ರ ಸೀಮಿತವೆಂದು ನಾನು ಭಾವಿಸುವುದಿಲ್ಲ. ನಮ್ಮ ಬದುಕಿನಲ್ಲಿಯೂ ನಮ್ಮ ಬಲವನ್ನು ಹೆಚ್ಚಿಸುವವರನ್ನು ನಾವು ಬೇಗ ಹತ್ತಿರ ಸೇರಿಸಿಕೊಳ್ಳುತ್ತೇವೆ. ‘ಇಲ್ಲಿಗೆ ನಿಲ್ಲಿಸು’ ಎಂದು ಹೇಳುವ ಹೆಂಡತಿ, ‘ಇದು ಸರಿಯಲ್ಲ’ ಎನ್ನುವ ಗೆಳೆಯ, ‘ಅಪ್ಪಾ, ನೀವೇ ಹಾಗೆ ಹೇಳಿದ್ದಿರಲ್ಲ’ ಎಂದು ನೆನಪಿಸುವ ಮಗಳು ಇವರನ್ನು ಆಮೇಲೆ ನೋಡಿದರಾಯಿತೆಂದು ಪಕ್ಕಕ್ಕಿಡುತ್ತೇವೆ.

ನನ್ನ ಕೆಲಸ ಯಾವುದು, ನನ್ನದಲ್ಲದ್ದು ಯಾವುದು?

ಎಲ್ಲ ದುರಸ್ತಿಗಳೂ ಸಮಾನವಲ್ಲ. ವೈಪರಿನ ರಬ್ಬರನ್ನು ತಪ್ಪಾಗಿ ಹಾಕಿದರೆ ಅದು ತಕ್ಷಣ ಕಾಣುತ್ತದೆ. ಬ್ರೇಕಿನ ತಪ್ಪು ಹಾಗಲ್ಲ. ಒಂದು ಉದಾಹರಣೆ ನೋಡಿ. ನಾವು ಬ್ರೇಕ್ ಆಯಿಲ್ ಎಂದು ಕರೆಯುವ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಗುಣವಿದೆ. ‘ಡಾಟ್ 3’ ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಶೇಕಡ 3.7ರಷ್ಟು ನೀರು ಸೇರಿದ ಮೇಲೆ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ತಿಂಗಳುಗಟ್ಟಲೆ ತೆರೆದಿಟ್ಟ ಬಾಟಲಿಯಿಂದ ದ್ರವ ತುಂಬಿಸಿದವನ ಕಾರು ಊರೊಳಗೆ ಚೆನ್ನಾಗಿಯೇ ನಿಲ್ಲುತ್ತದೆ. ಅದೇ ಕಾರು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯನ್ನು ಇಳಿಯುವಾಗ ಬ್ರೇಕುಗಳು ಕಾದು, ದ್ರವ ಕುದಿದು, ಆವಿಯ ಗುಳ್ಳೆಗಳೆದ್ದು, ಪೆಡಲು ತಳ ಮುಟ್ಟಬಹುದು. ತಪ್ಪು ನಡೆದದ್ದು ಅಂಗಳದಲ್ಲಿ, ಫಲ ಸಿಗುವುದು ಘಾಟಿಯಲ್ಲಿ. ಎದುರಿನಿಂದ ಬರುವ ಬಸ್ಸಿನವರಿಗೆ ನಮ್ಮ ಉಳಿತಾಯದಲ್ಲಿ ಪಾಲಿರಲಿಲ್ಲ. ನಮ್ಮ ತಪ್ಪಿನಲ್ಲಿ ಮಾತ್ರ ಪಾಲು ಸಿಗುತ್ತದೆ.

ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದನ್ನು ನಾನು ರೂಢಿಸಿಕೊಂಡಿದ್ದೇನೆ. ನಾನು ತಪ್ಪಿದರೆ ಅದರ ಬೆಲೆ ತೆರುವವರು ಯಾರು? ಕೆಲಸ ಮುಗಿದ ಮೇಲೆ ಅದು ಸರಿಯಾಗಿದೆಯೆಂದು ರಸ್ತೆಗಿಳಿಯುವ ಮುನ್ನವೇ ಪರೀಕ್ಷಿಸಲು ನನ್ನಿಂದ ಸಾಧ್ಯವೇ? ಈ ಕೆಲಸವನ್ನು ನಾನೇ ಮಾಡಿದ್ದೇನೆಂದು ಗಾಡಿ ಹತ್ತುವವರಿಗೆ ಹೇಳಬಲ್ಲೆನೇ? ಮೊದಲೆರಡು ಪ್ರಶ್ನೆಗಳಿಗೆ ಜಾಣ ಉತ್ತರ ಹೊಂದಿಸಿಕೊಳ್ಳಬಹುದು. ಮೂರನೆಯದು ಹಾಗೆ ಬಿಡುವುದಿಲ್ಲ. ಹೇಳಲು ನಾಲಿಗೆ ಹಿಂಜರಿದರೆ ಆ ಕೆಲಸ ನನ್ನದಲ್ಲ, ಮೆಕ್ಯಾನಿಕನದು.

ಬ್ಯಾಟರಿಯ ತಂತಿ, ಗಾಳಿಯ ಫಿಲ್ಟರ್, ಬಲ್ಬು, ಚಕ್ರ, ಎಂಜಿನ್ ಆಯಿಲ್ ಇವು ಕಲಿತು ಮಾಡಬಹುದಾದ ಕೆಲಸಗಳು. ಬ್ಯಾಟರಿಯನ್ನು ಬಿಚ್ಚುವಾಗ ಮೈನಸ್ ತಂತಿ ಮೊದಲು, ಜೋಡಿಸುವಾಗ ಅದೇ ಕೊನೆಗೆ. ಹೀಗೆ ಮಾಡಿದರೆ ಸ್ಪ್ಯಾನರ್ ಗಾಡಿಯ ಲೋಹಕ್ಕೆ ತಗುಲಿದರೂ ಕಿಡಿ ಹಾರದು. ಬ್ರೇಕು, ಸ್ಟಿಯರಿಂಗು, ಏರ್‌ಬ್ಯಾಗು ಇವುಗಳನ್ನು ತರಬೇತಿ ಪಡೆದವರಿಗೆ ಬಿಡುವುದೇ ಲೇಸು. ಇದು ಅಂಜಿಕೆಯಲ್ಲ, ಅರಿಸ್ಟಾಟಲನು ಹೇಳಿದ ವಿವೇಕ.

ಆಯಿಲ್ ಬದಲಾಯಿಸುವವರಿಗೆ ಇನ್ನೊಂದು ಮಾತು. ಕೆಲಸ ಮುಗಿದ ಮೇಲೆ ಬಟ್ಟಲಿನಲ್ಲಿ ಸುಮಾರು ಮೂರು ಲೀಟರ್ ಕಪ್ಪು ಎಣ್ಣೆ ಉಳಿಯುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಅದರಲ್ಲಿ ಲೋಹದ ಕಣಗಳೂ ಕ್ಯಾನ್ಸರ್ ತರಬಲ್ಲ ಪದಾರ್ಥಗಳೂ ಇರುತ್ತವೆ. ಅದನ್ನು ಬೇಲಿಯ ಬುಡಕ್ಕೋ ಚರಂಡಿಗೋ ಸುರಿದು ಕೈ ತೊಳೆದುಕೊಂಡರೆ, ಮಳೆಗಾಲದಲ್ಲಿ ಅದು ಯಾರ ಬಾವಿಗೆ ಸೇರುತ್ತದೆ? ಡಬ್ಬಿಯಲ್ಲಿ ತುಂಬಿ, ಬಳಸಿದ ಎಣ್ಣೆಯನ್ನು ಸಂಗ್ರಹಿಸುವ ಗ್ಯಾರೇಜಿಗೆ ಒಪ್ಪಿಸುವವರೆಗೂ ದುರಸ್ತಿ ಮುಗಿದಿಲ್ಲವೆಂದೇ ತಿಳಿಯಬೇಕು.

ಮೆಕ್ಯಾನಿಕನ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ‘ಅವರೆಲ್ಲ ಮೋಸ ಮಾಡುತ್ತಾರೆ, ಅದಕ್ಕೇ ನಾನೇ ಮಾಡಿಕೊಳ್ಳುತ್ತೇನೆ’ ಎಂದು ಹೇಳುವವರು ಬಹಳ ಮಂದಿ. ಸಂಶಯದಿಂದ ಹುಟ್ಟಿದ ಸ್ವಾವಲಂಬನೆ ಮನಸ್ಸನ್ನು ಕಿರಿದಾಗಿಸುತ್ತದೆ. ನನ್ನ ಅನುಭವವೇ ಬೇರೆ. ತುಕ್ಕು ಹಿಡಿದ ಒಂದೇ ಒಂದು ಬೋಲ್ಟಿನೊಡನೆ ಮಧ್ಯಾಹ್ನವೆಲ್ಲ ಹೋರಾಡಿದ ಮೇಲೆ, ಅದನ್ನು ಹತ್ತು ನಿಮಿಷದಲ್ಲಿ ತೆಗೆಯುವವನ ಕೂಲಿ ಹೆಚ್ಚಾಯಿತೆಂದು ವಾದಿಸುವ ಬಾಯಿ ಮುಚ್ಚಿಹೋಯಿತು. ಆ ಹತ್ತು ನಿಮಿಷದ ಹಿಂದೆ ಇಪ್ಪತ್ತು ವರ್ಷಗಳ ಕೈಯಿದೆ. ಸ್ವಲ್ಪ ಕಲಿತವನು ಬಲ್ಲವನನ್ನು ಹೆಚ್ಚು ಗೌರವಿಸಬೇಕು. ಹಾಗಾಗದಿದ್ದರೆ ಕಲಿತದ್ದು ಅಲ್ಪವಿದ್ಯೆ, ಉಳಿದದ್ದು ಮಹಾಗರ್ವ.

ಕೊನೆಯ ಬಿಗಿ

ಆ ಹಿರಿಯರಿಗೆ ನಾನು ನಿಜ ಹೇಳಿದ್ದು ಎಷ್ಟೋ ತಿಂಗಳುಗಳ ನಂತರ. ಅಷ್ಟು ದಿನ ಏಕೆ ತಡೆದಿರೆಂದು ಕೇಳಿದರೆ ನನ್ನಲ್ಲಿ ಗೌರವಯುತವಾದ ಉತ್ತರವಿಲ್ಲ. ಯಾರಿಗೂ ಏನೂ ಆಗಲಿಲ್ಲವಲ್ಲ, ಈಗ ಹೇಳಿ ಅವರ ಮನಸ್ಸನ್ನೇಕೆ ಕದಡಲಿ ಎಂದು ಸಮಾಧಾನ ಮಾಡಿಕೊಂಡಿದ್ದೆ. ದೇವರ ಮುಂದೆ ನಿವೇದಿಸಿದ್ದೆ. ಆದರೆ ನನ್ನ ಗಾಡಿಯಲ್ಲಿ ಕುಳಿತಿದ್ದವರು ಅವರು. ಒಂದು ಸಂಜೆ ಅವರ ಮನೆಯ ಜಗಲಿಯಲ್ಲಿ ಕುಳಿತು, “ಅಂದು ತಪ್ಪಿದ್ದು ರಸ್ತೆಯಲ್ಲ, ನಾನು. ನಟ್ಟು ಬಿಗಿ ಮಾಡುವುದನ್ನು ಮರೆತಿದ್ದೆ” ಎಂದೆ.

ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಮೊಮ್ಮಗ ಯಾವ ಕಡೆ ಕೂತಿದ್ದ ಸ್ವಾಮಿ?” ಎಂದು ಕೇಳಿದರು.

“ಹಿಂದೆ, ಎಡಗಡೆ.”

ಅವರು ಮತ್ತೇನನ್ನೂ ಹೇಳಲಿಲ್ಲ. ಒಳಗೆ ತಿರುಗಿ ಕಾಫಿ ತರಲು ಹೇಳಿದರು. ನಾವಿಬ್ಬರೂ ಕಾಫಿ ಕುಡಿದೆವು.

ಮುಂದಿನ ಸಲ ಅವರು ಆಸ್ಪತ್ರೆಗೆ ಹೊರಟಾಗ, ಗಾಡಿ ಹತ್ತುವ ಮುನ್ನ ಮೆಲ್ಲನೆ ಬಗ್ಗಿ ಒಂದೊಂದು ಚಕ್ರವನ್ನೂ ನೋಡಿದರು. ನನಗೆ ನೋವಾಗಲಿಲ್ಲವೆಂದು ಹೇಳಿದರೆ ಅದೂ ಸುಳ್ಳಾದೀತು. ಕ್ಷಮೆ ಒಂದು ಸಂಜೆಯಲ್ಲಿ ಸಿಗಬಹುದು. ನಂಬಿಕೆಯನ್ನು ಒಂದೊಂದೇ ಸುತ್ತಿನಿಂದ ಮತ್ತೆ ಬಿಗಿಯಬೇಕಾಗುತ್ತದೆ. ಮೂರನೆಯ ಸಲ ನಾನೇ ಸ್ಪ್ಯಾನರನ್ನು ಅವರ ಕೈಗೆ ಕೊಟ್ಟು, “ನೀವೇ ಒಮ್ಮೆ ನೋಡಿಬಿಡಿ” ಎಂದೆ. ಅವರು ಹದಿನಾರು ನಟ್ಟುಗಳನ್ನೂ ಮುಟ್ಟಿ ನೋಡಿ, “ಸರಿ ಇದೆ ಸ್ವಾಮಿ” ಎಂದರು. ನಾನು ಆ ಧರ್ಮಕೇಂದ್ರದಿಂದ ವರ್ಗವಾಗುವವರೆಗೂ ಆ ಪದ್ಧತಿ ನಡೆಯಿತು. ಅಂಗಡಿಯಲ್ಲಿ ಸಿಗುವ ಯಾವ ಸಲಕರಣೆಗಿಂತಲೂ ಮಿಗಿಲಾದ ಎರಡನೆಯ ಕಣ್ಣು ನನಗೆ ಅವರಲ್ಲಿ ದೊರಕಿತ್ತು.

ಈಗ ಚಕ್ರ ಬದಲಾಯಿಸಿದ ದಿನ ನಾನು ಎರಡು ನಿಯಮಗಳನ್ನು ಪಾಲಿಸುತ್ತೇನೆ. ಕೊನೆಯ ಬಿಗಿ ಆಗುವವರೆಗೂ ಸ್ಪ್ಯಾನರನ್ನು ಚಾಲಕನ ಸೀಟಿನ ಮೇಲೆಯೇ ಇಡುತ್ತೇನೆ. ಯಾರು ಕರೆದರೂ, ಎಲ್ಲಿಗೆ ಓಡಿದರೂ, ಅದನ್ನು ಎತ್ತದೆ ಗಾಡಿಯಲ್ಲಿ ಕೂರಲು ಆಗುವುದಿಲ್ಲ. ಐವತ್ತರಿಂದ ನೂರು ಕಿಲೋಮೀಟರ್ ಓಡಿದ ಮೇಲೆ ನಿಲ್ಲಿಸಿ ನಟ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸುತ್ತೇನೆ.

ಪ್ರಿಯ ತಂದೆ ತಾಯಿಯರೇ, ನಿಮ್ಮ ಮಗನಾಗಲಿ ಮಗಳಾಗಲಿ ಮೊದಲ ಬಾರಿಗೆ ಸ್ಪ್ಯಾನರ್ ಹಿಡಿದಾಗ ತಡೆಯಬೇಡಿ. ಬಿಗಿಯುವುದನ್ನು ಕಲಿಸಿ, ಅಳೆಯುವುದನ್ನು ಅದಕ್ಕಿಂತ ಮೊದಲು ಕಲಿಸಿ. ನೀವು ಮಾಡಿದ ಕೆಲಸವನ್ನು ಅವರಿಂದ ಪರೀಕ್ಷೆ ಮಾಡಿಸಿ, ಅವರು ಸಡಿಲಾದ ನಟ್ಟೊಂದನ್ನು ಕಂಡುಹಿಡಿದರೆ ಗದರದೆ, ‘ಹೌದು ಮಗು, ನಾನು ಮರೆತಿದ್ದೆ’ ಎಂದು ಒಪ್ಪಿಕೊಳ್ಳಿ. ಆ ಒಂದು ಮಾತು ಮನೆಯಲ್ಲಿ ಸಲೀಸಾಗಿ ಹೊರಡುವಂತಾದರೆ, ನಾಳೆ ಅವರು ಕಟ್ಟುವ ಸೇತುವೆಯಲ್ಲಿ, ಬರೆಯುವ ಲೆಕ್ಕದಲ್ಲಿ, ಕೊಡುವ ಔಷಧದಲ್ಲಿ, ಯಾರೂ ನೋಡದ ಜಾಗದ ನಟ್ಟೂ ಬಿಗಿಯಾಗಿರುತ್ತದೆ.